ನಿಮ್ಮ ಪಾತ್ರ ಎಲ್ಲಿಂದ ಬರ್ತದ? ಫ್ಯಾಂಟಸಿ ರೋಲ್‌ಪ್ಲೇ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳದಿಂದ ಆಡುವ ಕಥೆಯಾಟ) ಮತ್ತು ಅದರಂಥ ಆಟ ಆಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಅಂಕಿ, ನಿಯಮಗಳು 2014ರ ಐದನೇ ಆವೃತ್ತಿಯವು. 2024ರ ಪರಿಷ್ಕರಣೆ ಇಟ್ಟುಕೊಂಡು ಆಡುವವರಿಗೆ ಅಲ್ಲಲ್ಲಿ ಸ್ವಲ್ಪ ವ್ಯತ್ಯಾಸ ಕಂಡೀತು.

## ಈಗಷ್ಟೇ ಶುರು ಮಾಡುವವರಿಗೆ

ಪಾತ್ರ ಮಾಡೋದು ಅಂದ್ರ ಏನ್ರೀ? ಮೊಬೈಲ್ ಗೇಮಿನಾಗ ಹೀರೋನ ಆರಿಸಿಕೊಂಡಂಗನ?

ಅಲ್ಲ. ಮೊಬೈಲ್ ಗೇಮಿನ ಹೀರೋ ಏನೇನು ಮಾಡಬಹುದೆಂದು ಗೇಮ್ ಬರೆದವರು ಮೊದಲೇ ಗೊತ್ತು ಮಾಡಿರುತ್ತಾರೆ. ಇಲ್ಲಿ ಡಿಎಂ, ಅಂದರೆ ಆಟ ನಡೆಸುವವರು, "ಅಗಸಿ ಬಾಗಿಲು ಹಾಕೇತಿ, ಕಾವಲಿಗೆ ಇಬ್ಬರದಾರ, ಏನ್ ಮಾಡ್ತೀರಿ?" ಎಂದು ಕೇಳಿ ಸುಮ್ಮನಾಗುತ್ತಾರೆ. ಲಂಚ ಕೊಡಬಹುದು, ಗೋಡೆ ಹತ್ತಬಹುದು, ಕಾವಲುಗಾರನ ಊರು ವಿಚಾರಿಸಿ ಬೀಗತನ ಹಚ್ಚಬಹುದು. ಇವುಗಳಲ್ಲಿ ನಿಮ್ಮ ಪಾತ್ರ ಯಾವುದಕ್ಕೆ ಕೈ ಹಾಕುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಸ್ಫೂರ್ತಿ ಬೇಕಾಗುವುದು ಅದಕ್ಕೇ. ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ತಲ್ಯಾಗ ಏನೂ ಬರವಲ್ದು. ಎಲ್ಲಿಂದ ಶುರು ಮಾಡ್ಲಿ?

ಕಸುಬಿನಿಂದ. ಹೊಸಬರು ಸಾಮಾನ್ಯವಾಗಿ ವೇಷದಿಂದ ಶುರು ಮಾಡುತ್ತಾರೆ: ಕರಿ ಕಂಬಳಿ, ಮುಖದ ಮೇಲೆ ಗಾಯ, ಎರಡು ಕತ್ತಿ. ನೋಡಲಿಕ್ಕೆ ಚೆಂದ, ಆದರೆ ಅಗಸಿ ಬಾಗಿಲ ಮುಂದೆ ಆ ಕಂಬಳಿ ಯಾವ ಉಪಾಯವನ್ನೂ ಹೇಳಿಕೊಡುವುದಿಲ್ಲ. ಕಸುಬು ಹೇಳಿಕೊಡುತ್ತದೆ.

ಒಂದು ಹಾಳೆಯ ಮೇಲೆ ಮೂರು ಸಾಲು ಬರೆಯಿರಿ. ಈ ಮನುಷ್ಯ ಏನು ಕೆಲಸ ಮಾಡುತ್ತಿದ್ದ? ಆ ಕೆಲಸ ಯಾಕೆ ತಪ್ಪಿತು? ಕೆಲಸ ಬಿಟ್ಟರೂ ಬಿಡದ ಚಾಳಿ ಯಾವುದು?

ಇಳಕಲ್ಲಿನ ನೇಕಾರಳೊಬ್ಬಳನ್ನು ತೆಗೆದುಕೊಳ್ಳಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ, ಆಮೇಲೆ ನೇಯುತ್ತಾರೆ. ವರ್ಷಗಟ್ಟಲೆ ಆ ಕುಣಿಕೆ ಹಾಕಿದವಳು ಯಾರನ್ನೇ ನೋಡಲಿ, ಮೊದಲು ಅವರ ಬಟ್ಟೆಯ ಅಂಚನ್ನು ನೋಡುತ್ತಾಳೆ. ಅವಳ ಚಾಳಿ ಅದು. ಆಟದಲ್ಲಿ ರಾಜದೂತನ ವೇಷ ಹಾಕಿಕೊಂಡು ಬಂದ ಕಳ್ಳನನ್ನು ಗುಂಪಿನಲ್ಲಿ ಮೊದಲು ಹಿಡಿಯುವವಳು ಅವಳೇ: ಅಂಗಿ ರೇಷ್ಮೆಯದು, ಹೊಲಿಗೆ ಮಾತ್ರ ಅವಸರದ್ದು. ಡಿಎಂ ಆಗ ಇನ್ವೆಸ್ಟಿಗೇಶನ್ ರೋಲ್ (ಸುಳಿವು ಹುಡುಕಲು ದಾಳ ಉರುಳಿಸುವುದು) ಕೇಳಿದರೆ ಅದು ನಿಮ್ಮ ಹಕ್ಕಿನ ರೋಲ್.

ಕಸುಬು ಹುಡುಕಲು ಸಂತೆಗಿಂತ ಒಳ್ಳೆ ಜಾಗ ಇಲ್ಲ. ಮುಖ ನೋಡಬೇಡಿ, ಕೈ ನೋಡಿ. ತೂಕ ಮಾಡುವವ ತಕ್ಕಡಿಯನ್ನು ಯಾವ ಬೆರಳಲ್ಲಿ ಹಿಡಿದಿದ್ದಾನೆ, ಮೆಣಸಿನಕಾಯಿ ಮಾರುವವಳು ಕಣ್ಣುಜ್ಜಿಕೊಳ್ಳಲು ಕೈಯ ಯಾವ ಭಾಗ ಬಳಸುತ್ತಾಳೆ: ಇಂಥ ಒಂದು ವಿವರ ಸಿಕ್ಕರೆ ಪಾತ್ರದ ಅರ್ಧ ಕೆಲಸ ಆದಂತೆ.

ಅಂಕಿ ಮೊದಲ ಬರೀಬೇಕೊ, ಕಥಿ ಮೊದಲೊ?

ಕಸುಬು, ಆಮೇಲೆ ಅಂಕಿ, ಕೊನೆಗೆ ಕಥೆ. ಬಳೆಗಾರನ ಮೇಲೆ ಮಾಡಿ ತೋರಿಸುತ್ತೇವೆ.

ಬಳೆಗಾರ ಊರೂರು ತಿರುಗುತ್ತಾನೆ. ಬೇರೆ ಗಂಡಸರು ಪಡಸಾಲೆಯಲ್ಲೇ ನಿಲ್ಲುವ ಮನೆಯಲ್ಲಿ ಇವನಿಗೆ ಒಳಗೆ ಚಾಪೆ ಹಾಸುತ್ತಾರೆ. ಬಳೆ ತೊಡಿಸುವಾಗ ಕೈ ಹಿಡಿದು, ನೋವಾಗದಂತೆ, ಗಾಜು ಒಡೆಯದಂತೆ ಜಾರಿಸಬೇಕು. ಅಷ್ಟು ಹೊತ್ತಿನಲ್ಲಿ ಯಾರ ಮನೆಯಲ್ಲಿ ಜಗಳ, ಯಾರ ಮಗಳ ನಿಶ್ಚಯ ಮುರಿಯಿತು, ಎಲ್ಲ ಕಿವಿಗೆ ಬಿದ್ದಿರುತ್ತದೆ. ರೋಗ್ ಎಂಬ ಕ್ಲಾಸಿಗೆ, ಅಂದರೆ ಕೈಚಳಕ, ಜಾಣತನದ ಪಾತ್ರವರ್ಗಕ್ಕೆ, ಇದಕ್ಕಿಂತ ಬೇರೆ ತರಬೇತಿ ಬೇಕೆ?

ಪಾತ್ರದ ಆರು ಗುಣಗಳಿಗೆ ಹಂಚುವ ಸಿದ್ಧ ಅಂಕಿಗಳು ಆರು: 15, 14, 13, 12, 10, 8. ಕೈಚಳಕಕ್ಕಾಗಿ ಡೆಕ್ಸ್ಟೆರಿಟಿಗೆ 15, ಮಾತಿಗಾಗಿ ಕರಿಸ್ಮಾಕ್ಕೆ 14, ಮನೆಮಂದಿಯ ಮುಖ ಓದಲು ವಿಸ್ಡಮ್‌ಗೆ 13, ಲೆಕ್ಕಕ್ಕೆ ಇಂಟೆಲಿಜೆನ್ಸಿಗೆ 12, ದೇಹದ ತಾಳಿಕೆಯ ಕಾನ್ಸ್ಟಿಟ್ಯೂಶನ್‌ಗೆ 10, ತೋಳ್ಬಲದ ಸ್ಟ್ರೆಂತ್‌ಗೆ 8. ಇದು ಜನಾಂಗದ (ಪಾತ್ರ ಮನುಷ್ಯನೋ, ಎಲ್ಫೋ, ಡ್ವಾರ್ಫೋ ಎಂಬುದರ) ಹೆಚ್ಚುವರಿ ಅಂಕ ಸೇರಿಸುವ ಮೊದಲಿನ ಲೆಕ್ಕ. ಅಂಕದಿಂದ 10 ಕಳೆದು ಎರಡರಿಂದ ಭಾಗಿಸಿ, ಅರ್ಧ ಉಳಿದರೆ ಕೆಳಗಿನ ಪೂರ್ಣಾಂಕ ಹಿಡಿಯಿರಿ. ಹಾಗಾಗಿ ವಿಸ್ಡಮ್‌ 13ಕ್ಕೆ +1. ಮೊದಲ ಲೆವೆಲ್ಲಿನ ಪ್ರೊಫಿಶಿಯನ್ಸಿ (ಪಳಗಿದ ಕೆಲಸಕ್ಕೆ ಸೇರುವ ಅಂಕ) +2, ರೋಗ್ ಪಾತ್ರಕ್ಕೆ ಹೆಚ್ಚಿನ ಪರಿಣತಿ, ಅಂದರೆ ಎಕ್ಸ್‌ಪರ್ಟೀಸ್ ಇರುವುದರಿಂದ ಅದು ದುಪ್ಪಟ್ಟು. ಇನ್‌ಸೈಟ್‌ಗೆ (ಎದುರಿನವರ ಮನಸ್ಸು ಓದುವ ಕೌಶಲ) ಅದನ್ನು ಹಾಕಿದರೆ ಒಟ್ಟು +5. ಸುಳ್ಳು ಹೇಳುವವನ ಮುಂದೆ ಈ ಬಳೆಗಾರ ಕೂತರೆ ಆಯಿತು.

ತಪ್ಪುವುದು ಎಲ್ಲಿ ಎಂದರೆ ಜೀವದಲ್ಲಿ. ಕಾನ್ಸ್ಟಿಟ್ಯೂಶನ್ 10 ಇದ್ದರೆ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, 8 ಮಾತ್ರ. ಗಾಬ್ಲಿನ್ ಎಂಬ ಚಿಕ್ಕ ಶತ್ರುಜೀವಿ ಒಂದು ಏಟಿಗೆ ಸರಾಸರಿ 5 ತೆಗೆಯುತ್ತದೆ, ಎರಡೇಟಿಗೆ ನೆಲಕ್ಕೆ. ಅದು ಬೇಡವೆಂದರೆ ಇಂಟೆಲಿಜೆನ್ಸಿನ 12ನ್ನು ಇಲ್ಲಿಗೆ ತಂದು ಬಳೆಗಾರನನ್ನು ಲೆಕ್ಕದಲ್ಲಿ ದಡ್ಡನನ್ನಾಗಿ ಮಾಡಿ. ಉದ್ರಿ ಕೊಟ್ಟು ಮರೆಯುವ ಬಳೆಗಾರ ಇನ್ನೂ ಚೆಂದ.

ಸಿನಿಮಾದಾಗಿನ ಪಾತ್ರ ಹಂಗ ತಗೊಂಡ್ರ ನಡೀತದೇನು?

ಮೊದಲ ಆಟಕ್ಕೆ ನಡೆಯುತ್ತದೆ. ತೊಂದರೆ ಮೂರನೇ ಆಟದ ಹೊತ್ತಿಗೆ ಬರುತ್ತದೆ: ಆ ಪಾತ್ರ ಮುಂದೇನು ಮಾಡುತ್ತದೆ ಎಂಬುದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಿರುತ್ತದೆ. ಕಸುಬು, ಆಸೆ, ಭಯ ಈ ಮೂರರಲ್ಲಿ ಒಂದನ್ನು ಉಳಿಸಿಕೊಂಡು ಎರಡನ್ನು ಬದಲಿಸಿ. ವಯಸ್ಸು ಬದಲಿಸಿದರೂ ಬಹಳ ಫರಕು ಬೀಳುತ್ತದೆ. ಅರವತ್ತು ದಾಟಿದ ಪಾತ್ರ ಮಾಡುವವರು ತೀರ ಕಡಿಮೆ, ಯಾಕೋ.

ಎಐ ಕಡೆ ಬರಿಸಿಕೊಂಡ್ರ?

ಬರೆಸಿಕೊಳ್ಳಿ, ಆದರೆ ಅದು ಕೊಡುವುದು ಬಹುತೇಕ ಒಂದೇ: ಸುಟ್ಟುಹೋದ ಹಳ್ಳಿ, ಸತ್ತ ತಂದೆತಾಯಿ, ಸೇಡು. ಹೆಸರಿನ ಪಟ್ಟಿ ಮಾಡಿಸಲು, ನಿಯಮದ ಲೆಕ್ಕ ತಾಳೆ ನೋಡಲು ಬಳಸಿ. ಲೆಕ್ಕವನ್ನು ಮತ್ತೊಮ್ಮೆ ನೀವೇ ನೋಡಿ.

## ನಮ್ಮ ಸೀಮೆಯಿಂದ ಏನು ತೆಗೆದುಕೊಳ್ಳಬಹುದು

ವಿಜಾಪುರದಾಗ ಗೋಳಗುಮ್ಮಟ ಬಿಟ್ಟು ಪಾತ್ರಕ್ಕ ಏನ್ ಸಿಗ್ತದ?

ಗೋಳಗುಮ್ಮಟವನ್ನೂ ಬಿಡಬೇಕಾಗಿಲ್ಲ. ಕಟ್ಟಡ ನೋಡುವ ಬದಲು ಕಟ್ಟಡದ ಪಕ್ಕ ನಿಂತು ಕೆಲಸ ಮಾಡಿದವರನ್ನು ಊಹಿಸಿಕೊಂಡರೆ ಪಾತ್ರ ಸಿಗುತ್ತದೆ. ಗುಮ್ಮಟ ಮುಗಿದದ್ದು 1656ರಲ್ಲಿ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟ ಕೇಳುತ್ತದೆ. ಅಲ್ಲಿ ಕಸ ಗುಡಿಸುವ ಆಳು ಎಷ್ಟು ಗುಟ್ಟು ಕೇಳಿರಬೇಡ! ಗೂಢಚಾರಿಣಿ ಪಾತ್ರಕ್ಕೆ ಅದು ಸಾಕು.

ಮಲಿಕ್-ಎ-ಮೈದಾನ್ ತೋಪನ್ನು ಹತ್ತಿರದಿಂದ ನೋಡಿ. 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್, ಉದ್ದ ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಬಾಯಿ ತೆರೆದ ಸಿಂಹ, ಅದರ ಹಲ್ಲಿನ ನಡುವೆ ಆನೆ. ಬತ್ತಿ ಹಚ್ಚಿದ ಗೋಲಂದಾಜ ಸದ್ದಿಗೆ ಕಿವಿ ಹೋಗಬಾರದೆಂದು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಎಂದು ಅಲ್ಲಿ ಹೇಳುತ್ತಾರೆ. ಒಂದು ಸಲ ಹಾರಲು ತಡವಾದವನನ್ನು ಪಾತ್ರ ಮಾಡಿ: ಒಂದು ಕಿವಿ ಕೇಳುವುದಿಲ್ಲ, ದೊಡ್ಡ ದನಿಯಲ್ಲಿ ಮಾತಾಡುತ್ತಾನೆ, ಗುಂಪು ಕದ್ದು ಹೋಗುವಾಗಲೆಲ್ಲ ಪೀಕಲಾಟ. ಕೇಳಿಸಿಕೊಳ್ಳುವ ಪರ್ಸೆಪ್ಶನ್ ರೋಲಿಗೆ (ಎರಡು ದಾಳ ಹಾಕಿ ಕಡಿಮೆ ಅಂಕಿ ಹಿಡಿಯುವ) ಡಿಸ್‌ಅಡ್ವಾಂಟೇಜ್, ಸಿಡಿಮದ್ದಿನ ವಿಷಯದಲ್ಲಿ (ಎರಡರಲ್ಲಿ ಹೆಚ್ಚಿನದು ಹಿಡಿಯುವ) ಅಡ್ವಾಂಟೇಜ್ ಎಂದು ಡಿಎಂ ಜತೆ ಒಪ್ಪಂದ ಮಾಡಿಕೊಳ್ಳಿ. ಇಂಥ ಕೊರತೆಗೆ ಪ್ರತಿಫಲ ಇಲ್ಲದಿದ್ದರೆ ಆಟಗಾರರು ಎರಡನೇ ಆಟಕ್ಕೇ ಅದನ್ನು ಮರೆತುಬಿಡುತ್ತಾರೆ.

ಉಪಲಿ ಬುರುಜಿನ ಮೆಟ್ಟಿಲು ಹೊರಮೈಗೇ ಸುತ್ತಿಕೊಂಡಿದೆ. ಮೇಲೆ ನಿಂತ ಕಾವಲುಗಾರನಿಗೆ ಊರಿಗೆ ಬರುವ ಧೂಳು ಎಲ್ಲರಿಗಿಂತ ಮೊದಲು ಕಾಣುತ್ತದೆ. ಆದಿಲಶಾಹಿ ಕಾಲದ ನೆಲದಡಿಯ ನೀರಿನ ಸುರಂಗಗಳು, ಅವಕ್ಕೆ ನಡುನಡುವೆ ಬಾವಿಯಂಥ ಗವಾಕ್ಷಗಳು: ಆಟದ ನೆಲಮಾಳಿಗೆಗೆ, ಅಂದರೆ ಡಂಜನ್‌ಗೆ ನಕ್ಷೆಯೇ ಸಿದ್ಧ. ಅಲ್ಲಿ ಹೂಳು ತೆಗೆಯುವವನಿಗೆ ಊರಿನ ಯಾವ ಮನೆ ಯಾವ ಗವಾಕ್ಷದ ಪಕ್ಕ ಇದೆ ಎಂದು ಗೊತ್ತು. ಇನ್ನು ಸಂಗೀತದ ಹುಚ್ಚಿದ್ದ ಎರಡನೇ ಇಬ್ರಾಹಿಂ ಆದಿಲಶಾಹ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ನಿಮ್ಮ ಪಾತ್ರದ ಆಯುಧಕ್ಕೋ ವಾದ್ಯಕ್ಕೋ ಮನುಷ್ಯರ ಹೆಸರು ಇಟ್ಟು ನೋಡಿ, ಅದರ ಜತೆ ಮಾತಾಡುವ ಚಾಳಿ ತಾನಾಗಿ ಬರುತ್ತದೆ.

ಬಾದಾಮಿ, ಐಹೊಳಿ, ಪಟ್ಟದಕಲ್ಲು ನೋಡಿ ಬಂದ್ವಿ. ಫೋಟೋ ಬಿಟ್ರ ಏನೂ ಹೊಳೀಲಿಲ್ಲ.

ಎಲ್ಲರೂ ದೊಡ್ಡ ಮೂರ್ತಿಯ ಮುಂದೆ ನಿಲ್ಲುತ್ತಾರೆ. ಸ್ವಲ್ಪ ಬಗ್ಗಿ ಕೆಳಗೆ ನೋಡಿ. ಬಾದಾಮಿ ಗುಹೆಗಳ ಬುಡದ ಪಟ್ಟಿಕೆಯಲ್ಲಿ ಗಿಡ್ಡ ಗಣಗಳ ಸಾಲು ಇದೆ: ಹೊಟ್ಟೆ ಬಿಟ್ಟುಕೊಂಡು ಕುಣಿಯುವವ, ವಾದ್ಯ ಬಾರಿಸುವವ, ಪಕ್ಕದವನನ್ನು ಗೋಳು ಹೊಯ್ದುಕೊಳ್ಳುವವ. ನೋಮ್, ಹಾಫ್ಲಿಂಗ್ ಎಂಬ ಗಿಡ್ಡ ಜನಾಂಗದ ಪಾತ್ರಕ್ಕೆ ಪರದೇಶದ ಚಿತ್ರ ಹುಡುಕುವ ಅಗತ್ಯವೇ ಇಲ್ಲ.

ಅಗಸ್ತ್ಯ ಹೊಂಡದ ಹತ್ತಿರದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು 700ರದು. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್". ಪಾತ್ರದ ಸ್ವಭಾವವನ್ನು ಇಷ್ಟು ಚಿಕ್ಕದಾಗಿ ಬರೆದ ಕ್ಯಾರೆಕ್ಟರ್ ಶೀಟು ಸಿಗುವುದು ಕಷ್ಟ. ಎದುರಿನವ ಹೇಗೋ ಇವನು ಹಾಗೆ. ಆಡುವಾಗ ಪ್ರತಿ ಸನ್ನಿವೇಶದಲ್ಲೂ ಇವನು ಏನು ಮಾಡುತ್ತಾನೆಂದು ಯೋಚಿಸಬೇಕಾಗಿಲ್ಲ. ಪ್ಯಾಲಡಿನ್ (ವ್ರತ ತೊಟ್ಟ ಯೋಧ) ಮಾಡುವವರು "ಒಳ್ಳೆಯವನು" ಎಂದಷ್ಟೇ ಬರೆಯುವ ಬದಲು ಇಂಥ ನಡವಳಿಕೆಯ ಸೂತ್ರ ಬರೆಯಿರಿ.

ಖಳರ ಬೇಟೆಯಲ್ಲಿರುವ ಡಿಎಂಗಳಿಗೆ ವಾತಾಪಿ, ಇಲ್ವಲರಿದ್ದಾರೆ. ತಮ್ಮನನ್ನು ಆಡು ಮಾಡಿ, ಕೊಯ್ದು, ಅತಿಥಿಗೆ ಬಡಿಸಿ, "ವಾತಾಪಿ, ಹೊರಗೆ ಬಾ" ಎಂದು ಕರೆಯುವ ಅಣ್ಣ. ಅಗಸ್ತ್ಯರು ಮೊದಲೇ ಜೀರ್ಣಿಸಿಕೊಂಡುಬಿಟ್ಟರು. ಇದರಲ್ಲಿ ನಿಯಮವಾಗಿ ತೆಗೆದುಕೊಳ್ಳಬೇಕಾದ್ದು ಹೊತ್ತು: ಊಟಕ್ಕೂ ಕರೆಗೂ ನಡುವೆ ಎಷ್ಟು ಸುತ್ತು ಸಿಗುತ್ತದೆ? ಮೂರು ಸುತ್ತು ಕೊಡಿ, ಪ್ರತಿ ಸುತ್ತಿಗೆ ಒಂದು ಕಾನ್ಸ್ಟಿಟ್ಯೂಶನ್ ಸೇವ್, ಅಂದರೆ ದೇಹ ತಡೆದೀತೇ ಎಂದು ನೋಡುವ ರೋಲ್. ಒಂದೇ ರೋಲಿನಲ್ಲಿ ಹೊಟ್ಟೆ ಸೀಳಿದರೆ ಆಟಗಾರರು ಸಿಟ್ಟಾಗುತ್ತಾರೆ, ಅದು ನ್ಯಾಯವೂ ಹೌದು.

ಐಹೊಳೆಯಿಂದ ಹೊಂದುವುದು ವ್ಯಾಪಾರಿ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಸಿಗುತ್ತವೆ. ಸರಕಿನ ಜತೆ ಆಯುಧ ಹಿಡಿದ ಕಾವಲನ್ನೂ ಕರೆದೊಯ್ಯುತ್ತಿದ್ದ ಸಂಘ ಅದು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಐದು ಪಾತ್ರಗಳು ಯಾಕೆ ಒಟ್ಟಿಗೆ ಹೊರಟವು ಎಂಬ ಹಳೇ ತಲೆನೋವಿಗೆ ಇದೇ ಮದ್ದು: ಎಲ್ಲರೂ ಒಂದೇ ಸಂಘದ ಸಂಬಳದವರು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಹೆಸರು ಕೆತ್ತಿಸಿಕೊಂಡವನ ಕೈಕೆಳಗೆ ಹೆಸರು ಬರದೆ ಉಳಿದವರು ಎಷ್ಟು ಮಂದಿ! ಅವರಲ್ಲೊಬ್ಬ ನಿಮ್ಮ ಪಾತ್ರ.

ಚೆನ್ನಮ್ಮ, ರಾಯಣ್ಣನ ಪಾತ್ರ ಮಾಡ್ಬಹುದ?

ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಮೊದಲ ಲೆವೆಲ್ಲಿನ ಪಾತ್ರ ಹತ್ತರಲ್ಲಿ ನಾಲ್ಕು ಏಟು ತಪ್ಪುತ್ತದೆ. ರಾಯಣ್ಣ ಎಂದು ಹೆಸರಿಟ್ಟು ಇಲಿಯ ಕೈಯಲ್ಲಿ ಸೋತರೆ ನಗಬೇಕೋ ಅಳಬೇಕೋ ತಿಳಿಯದೆ ಇಡೀ ಮೇಜು ಮುಜುಗರಪಡುತ್ತದೆ. ಮೇಲಾಗಿ ಕೊನೆ ಎಲ್ಲರಿಗೂ ಗೊತ್ತು.

ಅವರ ಹೆಸರು ಬಿಟ್ಟು ಅವರ ಸಂದರ್ಭ ತೆಗೆದುಕೊಳ್ಳಿ. 1824ರಲ್ಲಿ ಕಿತ್ತೂರಿನ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ. ಗುಂಡು ಹಾರಿಸಿದವ ಅಮಟೂರ ಬಾಳಪ್ಪ. ಒಂದೇ ಒಂದು ಗುಂಡಿನಿಂದ ಹೆಸರು ಉಳಿದ ಬಂದೂಕುಗಾರನ ಮುಂದಿನ ಬದುಕು ಹೇಗಿದ್ದೀತು ಎಂಬಲ್ಲಿಂದ ಬೇರೆಯೇ ಪಾತ್ರ ಹುಟ್ಟುತ್ತದೆ. ಊರ ಕಾವಲಿಗೆಂದು ಕೊಟ್ಟ ಭೂಮಿ ಉಣ್ಣುತ್ತಿದ್ದ ಶೇತಸನದಿಗಳಲ್ಲಿ ರಾಯಣ್ಣ ಒಬ್ಬ. ಆ ಭೂಮಿಗೆ ಕುತ್ತು ಬಂದಾಗ ಎದ್ದ, ಅವನ ದಂಡು ಸರಕಾರಿ ಕಚೇರಿ, ಕಾಗದಪತ್ರ ಸುಟ್ಟಿತು, 1831ರಲ್ಲಿ ನಂದಗಡದಲ್ಲಿ ಗಲ್ಲಾಯಿತು. ಕತ್ತಿಗಿಂತ ದಫ್ತರ ಸುಡುವುದು ಮುಖ್ಯ ಎಂದು ತಿಳಿದ ಬಂಡಾಯಗಾರ ಎಂಬುದು ಎಂಥ ಬೀಜ! 1857ರಲ್ಲಿ ಹಲಗಲಿಯ ಬೇಡರು ಆಯುಧ ಕಸಿಯುವ ಕಾಯ್ದೆಗೆ ಎದುರು ನಿಂತರು. ಅಂಥ ಕಾಯ್ದೆ ಬಂದ ಊರಿನಲ್ಲಿ ಆಯುಧದ ಪಟ್ಟಿ ಬರೆಯುವ ಕಾರಕೂನನೂ ಒಬ್ಬ ಇರಲೇಬೇಕಲ್ಲ. ಅವನು ಅದೇ ಊರಿನವನಾಗಿದ್ದರೆ?

ಬಾರ್ಡ್ ಅಂದ್ರ ಬರೀ ಹಾಡೋದೇನು? ನನಗ ಹಾಡಾಕ ಬರೂದಿಲ್ಲ.

ಗೀಗೀ ಮೇಳದಲ್ಲಿ ಹರದೇಶಿ, ನಾಗೇಶಿ ಕೇಳಿದ್ದೀರಾ? ಹರದೇಶಿಯವರು ಗಂಡು ಹೆಚ್ಚು ಎನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ, ದಪ್ಪು, ತುಂತುಣಿಯ ಮೇಲೆ ರಾತ್ರಿಯಿಡೀ ಸವಾಲು, ಜವಾಬು. ಎದುರಾಳಿಗೆ ಉತ್ತರ ಹೊಳೆಯದೆ ತೊದಲಿದ ಗಳಿಗೆಗೆ ಜನ ಸಿಳ್ಳೆ ಹಾಕುತ್ತಾರೆ. ಬಾರ್ಡ್ ಕ್ಲಾಸಿನ ವಿಷಸ್ ಮಾಕರಿ ಮಂತ್ರ ಮಾಡುವುದು ಅದನ್ನೇ: ಮಾತಿನಲ್ಲಿ ಚುಚ್ಚಿ ಗಾಯ ಮಾಡುವುದು, ಪೆಟ್ಟು ತಿಂದವನ ಮುಂದಿನ ಏಟಿಗೆ ಡಿಸ್‌ಅಡ್ವಾಂಟೇಜ್. ಮೂರನೇ ಲೆವೆಲ್ಲಿಗೆ ಕಾಲೇಜ್ ಆಫ್ ಲೋರ್ ಎಂಬ ಶಾಖೆ ಆರಿಸಿದರೆ ಎದುರಾಳಿಯ ರೋಲ್ ತಗ್ಗಿಸುವ ಕಟಿಂಗ್ ವರ್ಡ್ಸ್ ಕೂಡ ಸಿಗುತ್ತದೆ.

ನೀವು ಹಾಡಬೇಕಾಗಿಲ್ಲ. ಎದುರಿನವನ ಒಂದು ಮಾತನ್ನು ಹಿಡಿದು ಅದನ್ನೇ ತಿರುಗಿಸಿ ಎರಡು ಸಾಲು ಹೇಳಿದರೆ ಸಾಕು. ಆಟಕ್ಕೆ ಬರುವ ಮೊದಲು ಇಂಥ ಐದಾರು ಸಾಲು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆ ಕ್ಷಣಕ್ಕೆ ಹೊಳೆಯುತ್ತದೆಂದು ನಂಬಬೇಡಿ. ಒಂದೇ ಸಾಲನ್ನು ಎರಡು ಸಲ ಬಳಸಬೇಡಿ.

ಹಾಡೇ ಬೇಡವೆಂದರೆ ಹಗಲುವೇಷದವರನ್ನು ನೋಡಿ. ಒಂದು ಊರಿನಲ್ಲಿ ಕೆಲ ದಿನ ಬೀಡುಬಿಟ್ಟು ದಿನಕ್ಕೊಂದು ವೇಷದಲ್ಲಿ, ಹಾಡುಹಗಲಲ್ಲಿ, ಮನೆ ಮುಂದೆ ಬಂದು ನಿಲ್ಲುವ ಕಲಾವಿದರು. ದೀಪದ ಮರೆಯಿಲ್ಲ, ರಂಗದ ದೂರವಿಲ್ಲ. ಡಿಸ್‌ಗೈಸ್ ಕಿಟ್ (ವೇಷದ ಸಾಮಾನು) ಇಟ್ಟುಕೊಂಡ ಪಾತ್ರಕ್ಕೆ ಅವರ ಬಣ್ಣದ ಪೆಟ್ಟಿಗೆಯೇ ಮಾದರಿ.

ನಮ್ಮ ಕಡೆ ಬರೇ ಎರಿ ಹೊಲ. ಕಾಡಿನ ಶಕ್ತಿಯ ಡ್ರುಯಿಡ್, ಬ್ಯಾಟಿಗಾರ ರೇಂಜರ್ ಮಾಡೂದು ಹೆಂಗ?

ಖಾನಾಪುರದ ಕಡೆ ಹೋದರೆ ಭೀಮಗಡದ ದಟ್ಟ ಕಾಡಿದೆ. ಅಲ್ಲಿಯ ಬಾರಾಪೇಡೆ ಗುಹೆಗಳು ರಾಟನ್ ಬಾವಲಿಯ ನೆಲೆ, ಜಗತ್ತಿನಲ್ಲಿ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಕಾಣಸಿಗುವ ಜೀವ ಅದು. ಒಂದೇ ಒಂದು ಗವಿಯನ್ನು ಕಾಯುವ ಡ್ರುಯಿಡ್ ಇಡೀ ಕಾಡನ್ನು ಕಾಯುವವಳಿಗಿಂತ ಆಡಲು ಸುಲಭ, ಏನು ಕಳೆದುಹೋಗಬಹುದು ಎಂಬುದು ಸ್ಪಷ್ಟವಿರುತ್ತದೆ.

ಎರೆ ಹೊಲಕ್ಕೂ ಡ್ರುಯಿಡ್ ಬೇಕು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ, ಮಳೆಯಲ್ಲಿ ಗಾಲಿ ಹೂತುಹೋಗುವ ನೆಲ ಅದು. ಕಾಲು ಕಟ್ಟಿಹಾಕುವ ಎಂಟ್ಯಾಂಗಲ್ ಮಂತ್ರಕ್ಕೆ ಬಳ್ಳಿಯ ಬದಲು ಮೆತ್ತುವ ಎರೆಮಣ್ಣು ಎಂದು ವರ್ಣಿಸಿ, ನಿಯಮ ಬದಲಾಗುವುದಿಲ್ಲ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಬಂತು ಎಂಬುದರ ಮೇಲೆ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಹೇಳುತ್ತಾರಲ್ಲ, ನಿಮ್ಮ ಡ್ರುಯಿಡ್ ಶಕುನ ನೋಡುವುದು ಹಾಗೆ.

ರೇಂಜರ್ ಜತೆಗೆ ಮುಧೋಳ ನಾಯಿ ಕೊಡುವವರು ಬಹಳ. ಅಲ್ಲೊಂದು ತಪ್ಪು ಸಾಮಾನ್ಯ: ಪುಸ್ತಕದ ಮ್ಯಾಸ್ಟಿಫ್ ನಾಯಿಯ ಅಂಕಿಗಳನ್ನು ಹಾಗೇ ಇಳಿಸಿಕೊಳ್ಳುತ್ತಾರೆ. ಮ್ಯಾಸ್ಟಿಫಿಗೆ ಮೂಗು, ಕಿವಿ ಚುರುಕು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ, ಓಟವೇ ಅದರ ಬಲ. ಅಡ್ವಾಂಟೇಜನ್ನು ವಾಸನೆಯಿಂದ ದೃಷ್ಟಿಗೆ ವರ್ಗಾಯಿಸಿ, ವೇಗ 40 ಅಡಿಯಿಂದ 50ಕ್ಕೆ ಏರಿಸಿ, ಸ್ಟ್ರೆಂತ್ 13 ಇರುವುದನ್ನು 11ಕ್ಕೆ ಇಳಿಸಿ. ಬಯಲಿನಲ್ಲಿ ಅದನ್ನು ಮೀರಿಸುವವರಿಲ್ಲ, ಕತ್ತಲ ಗವಿಯಲ್ಲಿ ಅಷ್ಟಕ್ಕಷ್ಟೆ.

ಬಾರ್ಬೇರಿಯನ್?

ಸಿಟ್ಟಿನಲ್ಲಿ ಕಾದುವ ಈ ಕ್ಲಾಸಿಗೆ ಗರಡಿಮನೆ. ಕೆಮ್ಮಣ್ಣು, ಸಂಗ್ರಾಣಿ ಕಲ್ಲು, ಲಂಗೋಟಿ. ರಕ್ಷಾಕವಚ ಇಲ್ಲದೆ ಡೆಕ್ಸ್ಟೆರಿಟಿ, ಕಾನ್ಸ್ಟಿಟ್ಯೂಶನ್ ಎರಡೂ ಆರ್ಮರ್ ಕ್ಲಾಸಿಗೆ (ಏಟು ತಪ್ಪಿಸುವ ಅಂಕಕ್ಕೆ) ಸೇರುವ ನಿಯಮ ಪೈಲ್ವಾನನಿಗೇ ಬರೆದಂತಿದೆ. ಸಿಟ್ಟೇರಿ ರೇಜ್‌ನಲ್ಲಿದ್ದಾಗ ಸ್ಟ್ರೆಂತ್ ರೋಲಿಗೆ ಅಡ್ವಾಂಟೇಜ್ ಇರುವುದರಿಂದ ಕೊಡಲಿಗಿಂತ ಹಿಡಿತಕ್ಕೆ, ಅಂದರೆ ಗ್ರ್ಯಾಪಲ್‌ಗೆ, ಕೈ ಹಾಕಿ. ಸೋತವನನ್ನು ಎಬ್ಬಿಸಿ ಮಣ್ಣು ಕೊಡವುವ ಚಾಳಿ ಸೇರಿಸಿದರೆ ಸಿಟ್ಟಿನ ಮುದ್ದೆಯಾಗುವುದು ತಪ್ಪುತ್ತದೆ.

## ಆಡಿ ಪಳಗಿದವರಿಗೆ

ದೇವ್ರು, ಶರಣರು, ಪೀರರನ್ನ ಆಟದಾಗ ತರಬಹುದ?

ಹೆಸರು ಹಿಡಿದು ತರಬೇಡಿ. ಆಟದಲ್ಲಿ ದೇವರಿಗೂ ಹಿಟ್ ಪಾಯಿಂಟ್ ಕೇಳುವವರು ಇರುತ್ತಾರೆ, ಮೇಜಿನ ಸುತ್ತ ಅದೇ ದೇವರಿಗೆ ನಡೆದುಕೊಳ್ಳುವವರೂ ಇರುತ್ತಾರೆ. ಆಡುವ ಮೊದಲ ಮಾತುಕತೆಯಲ್ಲೇ ಏನು ಬರಬಾರದು ಎಂದು ಎಲ್ಲರೂ ಚೀಟಿಯಲ್ಲಿ ಬರೆದು ಡಿಎಂ ಕೈಗೆ ಕೊಡಿ, ಯಾರು ಬರೆದರೆಂದು ಕೇಳಬಾರದು. ಜಾತಿಯನ್ನು ಆಟದ ಜನಾಂಗಕ್ಕೆ ಹೊಂದಿಸುವುದೂ ಬೇಡ. ಬಳೆಗಾರ, ಹಗಲುವೇಷದಂಥ ಕಸುಬು ತೆಗೆದುಕೊಳ್ಳುವಾಗ ಜಾಣ್ಮೆ ತೆಗೆದುಕೊಳ್ಳಿ, ಅಣಕವನ್ನಲ್ಲ.

ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್‌ಗೆ ಬೇಕಾದ್ದು ನೀವೇ ಕಲ್ಪಿಸಿ ಕಟ್ಟಿದ ದೇವತೆ: ಏನು ಕೊಡುತ್ತಾಳೆ, ಏನು ಕೇಳುತ್ತಾಳೆ, ಏನು ಬೇಡ ಎನ್ನುತ್ತಾಳೆ. ಎರಡು ಹೊಳೆ ಕೂಡುವಲ್ಲಿಯ ನದಿದೇವತೆ ಎಂದುಕೊಳ್ಳಿ. ಹೊಳೆ ದಾಟುವ ಮೊದಲು ಬುತ್ತಿಯಲ್ಲಿ ಒಂದು ತುತ್ತು ನೀರಿಗೆ ಹಾಕಬೇಕು. ಇಂಥ ವ್ರತ ಒಂದು ಆಟಕ್ಕೆ ಒಮ್ಮೆ ಅಡ್ಡ ಬಂದರೆ ಸರಿ. ಎಂದೂ ಅಡ್ಡ ಬರದಿದ್ದರೆ ಅದು ಇದ್ದೂ ಇಲ್ಲದಂತೆ, ಹೆಜ್ಜೆಹೆಜ್ಜೆಗೂ ಬಂದರೆ ಉಳಿದವರು ನಿಮ್ಮನ್ನು ದಂಡೆಯಲ್ಲೇ ಬಿಟ್ಟು ಹೋಗುತ್ತಾರೆ.

ಹೆಸರು ಹೊಳಿಯೂದಿಲ್ಲ. ಎಲ್ಲಾರೂ ಇಂಗ್ಲಿಷ್ ಹೆಸರು ಇಡ್ತಾರ.

ನಮ್ಮ ಕಡೆಯ ಅಡ್ಡಹೆಸರುಗಳನ್ನು ಒಮ್ಮೆ ಓದಿ: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಬಡಿಗೇರ, ಪತ್ತಾರ. ಅದೇ ದಾರಿಯಲ್ಲಿ ಸಾಮಾನು, ಕಸುಬು, ಊರು ಇವುಗಳಿಂದ ಕಟ್ಟಿ: ಸಿಡ್ಲವ್ವ ಬೂದಿಹಾಳ, ಕಲ್ಲಪ್ಪ ತಾಮ್ರದ. ಜೋರಾಗಿ ಮೂರು ಸಲ ಕೂಗಿ ನೋಡಿ. ಜಗಳದ ಗದ್ದಲದಲ್ಲಿ ಕೂಗಲಾಗದ ಹೆಸರು ಎರಡನೇ ಆಟಕ್ಕೆ "ಏ ಇವನ" ಆಗುತ್ತದೆ.

ನಾಕು ಪುಟ ಹಿನ್ನೆಲೆ ಬರದ್ನಿ. ಡಿಎಂ ಅದನ್ನ ಮುಟ್ಟೂದ ಇಲ್ಲ.

ನಾಲ್ಕು ಪುಟದಲ್ಲಿ ಎಲ್ಲ ಮುಗಿದುಹೋಗಿದೆ, ಅದಕ್ಕೆ. ಸೇಡು ತೀರಿತು, ಗುರು ಸತ್ತರು, ಊರು ಸುಟ್ಟಿತು ಎಂದ ಮೇಲೆ ಡಿಎಂಗೆ ಉಳಿದದ್ದೇನು? ಅರ್ಧ ಪುಟಕ್ಕೆ ಇಳಿಸಿ, ಮೂರು ಸಂಗತಿ ಬಾಕಿ ಇಡಿ: ತೀರದ ಒಂದು ಸಾಲ, ಬದುಕಿರುವ ಒಬ್ಬ ಸಂಬಂಧಿ, ನಿಮಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ. ಸಾಲಕ್ಕೆ ಮೊತ್ತ ಬರೆಯಿರಿ, 50 ಚಿನ್ನದ ನಾಣ್ಯ ಎಂದು. ಮೊತ್ತವಿದ್ದರೆ ಡಿಎಂ ವಸೂಲಿಗೆ ಆಳು ಕಳಿಸುತ್ತಾರೆ.

ನಾಕೈದು ಆಟ ಆದ ಮ್ಯಾಲ ಪಾತ್ರ ಬ್ಯಾಸರಾಗೇತಿ. ಬದಲಾಯಿಸ್ಲೇನು?

ಒಂದು ಆಟ ತಡೆಯಿರಿ. ಬೇಸರಕ್ಕೆ ಕಾರಣ ಹೆಚ್ಚಾಗಿ ಪಾತ್ರದ ಆಸೆ ಈಡೇರಿರುವುದು ಅಥವಾ ಎಂದಿಗೂ ಈಡೇರದಷ್ಟು ದೂರ ಇರುವುದು. ಎರಡು ಮೂರು ಆಟದಲ್ಲಿ ಕೈಗೆ ಸಿಗುವಂಥ ಚಿಕ್ಕ ಆಸೆ ಕೊಡಿ: ಮಾರಿದ ಮಗ್ಗ ಬಿಡಿಸಿಕೊಳ್ಳುವುದು, ತಂಗಿಯ ಮದುವೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದು. ಆಗಲೂ ಹತ್ತದಿದ್ದರೆ ಡಿಎಂಗೆ ಹೇಳಿ, ಕಥೆಯೊಳಗೇ ಪಾತ್ರವನ್ನು ಊರಿಗೆ ಕಳಿಸಿ. ಸುಮ್ಮನೆ ಕೊಲ್ಲಿಸಬೇಡಿ, ಮುಂದೆ ಬೇಕಾದೀತು.

ಆಡುವಾಗ ಯಾವ ಮಾತು ಆಡಬೇಕು? ನಾವು ಮನ್ಯಾಗ ಆಡೂದು ಬ್ಯಾರೆ, ಪುಸ್ತಕದ ಭಾಷಾ ಬ್ಯಾರೆ.

ನಿಯಮದ ಮಾತು ಇಂಗ್ಲಿಷ್ ಪದಗಳಲ್ಲೇ ಇರಲಿ, ಗೊಂದಲ ಕಡಿಮೆ. ಪಾತ್ರದ ಮಾತು ಮನೆಯದು. ಬೆಳಗಾವಿಯ ಮೇಜಿನಲ್ಲಿ ಕನ್ನಡಕ್ಕೆ ಮರಾಠಿ ಬೆರೆಯುತ್ತದೆ, ವಿಜಯಪುರದಲ್ಲಿ ದಖನಿ. ಅದನ್ನೇ ಬಳಸಿ ಎಲ್ಫ್‌ಗಳದು ಒಂದು ದನಿ, ಡ್ವಾರ್ಫ್‌ಗಳದು ಇನ್ನೊಂದು ಮಾಡಬಹುದು, ಯಾರ ಮಾತನ್ನೂ ನಗೆಪಾಟಲು ಮಾಡದಿದ್ದರೆ. ಪಾತ್ರಕ್ಕೆ ಒಂದು ತಕಿಯಾ ಕಲಾಮು ಕೊಡಿ, ಅದೂ ಒಂದು ಆಟಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ. ದನಿ ಬದಲಿಸಲು ಬಾರದವರು "ಅವ ಕೇಳ್ತಾನ, ನೀರು ಐತೇನು ಅಂತ" ಎಂದು ಹೇಳಿದರೂ ಆಟ ನಡೆಯುತ್ತದೆ.